ಸ್ಟೆಪ್‌ಡೌನ್ ಡಬ್ಬಿಗೆ ಹರ್ಟ್ಸ್ ಗೊತ್ತಿಲ್ಲ

ಅಮೆರಿಕದಿಂದ ವಾಪಸಾದವರ ಮನೆ ಸಾಮಾನಿನ ಜೊತೆ ಹಡಗೇರಿ ಬಂದ ರಿಸೀವರ್ ಆಗಲಿ, ಜಪಾನಿನಿಂದ ತರಿಸಿದ ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರ್ ಆಗಲಿ, ಇಲ್ಲಿನ ಸಾಕೆಟ್ಟಿಗೆ ಚುಚ್ಚುವ ಮೊದಲು ಅದರ ಬೆನ್ನಿನ ಲೇಬಲ್ ಓದಿ. ಇಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್, ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ 50 ಸಲ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಪಿನ್ನು ಬದಲಾಯಿಸಿಕೊಂಡು ಹಾಡು ಕೇಳಿ, ಈ ಬರಹ ನಿಮಗೆ ಬೇಕಿಲ್ಲ. ‘100 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಅದು ಜಪಾನಿನವರು ತಮಗಾಗಿ ಮಾಡಿಕೊಂಡ ಮಾಲು, ತೊಂದರೆ ಒಂದೇ: ವೋಲ್ಟ್. ‘120 ವೋಲ್ಟ್, 60 ಹರ್ಟ್ಸ್’ ಎಂದಷ್ಟೇ ಇದ್ದರೆ ತೊಂದರೆ ಎರಡು: ವೋಲ್ಟೂ ಬೇರೆ, ಹರ್ಟ್ಸೂ ಬೇರೆ. ಹೆಚ್ಚಿನವರು ಮೊದಲನೆಯದನ್ನು ಬಗೆಹರಿಸಿ, ಎರಡೂ ಮುಗಿಯಿತು ಅಂದುಕೊಳ್ಳುತ್ತಾರೆ.

ಜಪಾನಿನ ಲೇಬಲ್ಲಿನಲ್ಲಿ 50/60 ಎಂದು ಬರಲು ಕಾರಣವಿದೆ. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯಿಂದ 50 ಹರ್ಟ್ಸ್ ಜನರೇಟರ್ ತರಿಸಿತು, ಒಸಾಕಾ ಅಮೆರಿಕದಿಂದ 60ರದ್ದು ತರಿಸಿತು. ಕರೆಂಟಿನ ಮಟ್ಟಿಗೆ ಆ ದೇಶ ಇವತ್ತಿಗೂ ಇಬ್ಭಾಗ. ಹಾಗಾಗಿ ಅಲ್ಲಿನ ಟ್ರಾನ್ಸ್‌ಫಾರ್ಮರಿನಲ್ಲಿ 50ಕ್ಕೂ ಸಾಲುವಷ್ಟು ಕಬ್ಬಿಣ ಹಾಕಲೇಬೇಕು. ಅಮೆರಿಕಕ್ಕೆಂದೇ ಮಾಡಿದ್ದಕ್ಕೆ ಆ ಕಟ್ಟುಪಾಡಿಲ್ಲ.

ಕಬ್ಬಿಣದ ಲೆಕ್ಕ ಸುಲಭ. ವೋಲ್ಟನ್ನು ಹರ್ಟ್ಸ್‌ನಿಂದ ಭಾಗಿಸಿ. 120 ಭಾಗಿಸು 60, ಬಂದಿದ್ದು 2; ಟ್ರಾನ್ಸ್‌ಫಾರ್ಮರಿನ ಕೋರ್, ಅಂದರೆ ಕಬ್ಬಿಣದ ತಿರುಳು, ಹೊರಬೇಕಾದ ಕಾಂತಕ್ಷೇತ್ರದ ಅಳತೆ ಅದು. ಅದೇ ಪೆಟ್ಟಿಗೆಗೆ ಇಲ್ಲಿ 120 ಕೊಟ್ಟರೆ 120 ಭಾಗಿಸು 50, ಅಂದರೆ 2.4. ಹೊರೆ ಶೇಕಡಾ 20 ಹೆಚ್ಚಾಯಿತು. ಕೋರ್ ತುಂಬಿಹೋದರೆ ಪ್ರೈಮರಿ, ಅಂದರೆ ಮೇನ್ಸ್ ಸೇರುವ ಸುರುಳಿ, ಮಿತಿಮೀರಿ ಕರೆಂಟ್ ಎಳೆಯುತ್ತದೆ. ಹಾಡು ಹಾಕದಿದ್ದರೂ ಪೆಟ್ಟಿಗೆ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಸ್ಟೆಪ್‌ಡೌನ್ ಡಬ್ಬಿ ವೋಲ್ಟ್ ಇಳಿಸುತ್ತದೆ ಅಷ್ಟೆ. ಒಳಗೆ 50 ಹೋದರೆ ಹೊರಗೂ 50ಏ.

ಆದ್ದರಿಂದ 60 ಹರ್ಟ್ಸ್ ಮಾತ್ರದ ಆಂಪ್ಲಿಫೈಯರಿಗೆ 120ರ ಡಬ್ಬಿ ಹುಡುಕಬೇಡಿ, 110ರದ್ದು ತೆಗೆದುಕೊಳ್ಳಿ. ಲೆಕ್ಕದ ಪ್ರಕಾರ 100 ಕೊಟ್ಟರೆ ಕೋರ್ ತನ್ನ ಊರಿನಲ್ಲಿದ್ದಷ್ಟೇ ನಿರಾಳ, ಆದರೆ ಔಟ್‌ಪುಟ್ ಪವರ್ ಸುಮಾರು ಶೇಕಡಾ 30 ಇಳಿಯುತ್ತದೆ. 110 ನ್ಯಾಯವಾದ ರಾಜಿ. ನಮ್ಮ 230 ಎಂಬುದೂ ಹೆಸರಿಗೆ ಮಾತ್ರ; ಸಂಜೆ ಏಳಕ್ಕೊಮ್ಮೆ, ರಾತ್ರಿ ಹನ್ನೊಂದಕ್ಕೊಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ. ರಾತ್ರಿ 250 ತೋರಿಸುವ ಬಡಾವಣೆಯಲ್ಲಿ 110ರ ಡಬ್ಬಿ ಹೆಚ್ಚುಕಡಿಮೆ 120 ಕೊಡುತ್ತಿರುತ್ತದೆ. ಒಂದು ಗಂಟೆ ಹಾಡಿಲ್ಲದೆ ಆನ್ ಮಾಡಿಟ್ಟು, ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರ್ ಇರುವ ಜಾಗದ ಮೇಲ್ಮುಚ್ಚಳಕ್ಕೆ ಅಂಗೈ ಇಡಿ. ಹತ್ತು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ವೋಲ್ಟ್ ಇನ್ನೂ ಇಳಿಸಬೇಕು.

ಜಪಾನಿನ 100 ವೋಲ್ಟಿನದಕ್ಕೆ ತದ್ವಿರುದ್ಧ ತಪ್ಪಾಗುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು 110ರ ಡಬ್ಬಿ, ‘ಹತ್ತು ವೋಲ್ಟ್ ತಾನೇ’ ಎಂದು ತರುತ್ತಾರೆ. ವಾಲ್ವ್ ಆಂಪ್ಲಿಫೈಯರ್ ಆದರೆ 6.3 ವೋಲ್ಟಿನ ಹೀಟರಿಗೆ 6.9 ಹೋಗಿ ವಾಲ್ವಿನ ಆಯಸ್ಸು ಕಡಿಮೆಯಾಗುತ್ತದೆ. ಟ್ರಾನ್ಸಿಸ್ಟರಿನದಾದರೆ, ಮೊದಲೇ ಅಂಚಿನಲ್ಲಿರುವ ಹಳೆಯ ಫಿಲ್ಟರ್ ಕೆಪಾಸಿಟರ್ ಉಬ್ಬುತ್ತದೆ.

ಡಬ್ಬಿಯನ್ನು ವೈಂಡಿಂಗ್ ಮಾಡಿಸುವುದೇ ಒಳ್ಳೆಯದು. ‘ಐಸೊಲೇಷನ್ ಟೈಪ್, ಸೆಕೆಂಡರಿಯಲ್ಲಿ 100, 110, 120 ಟ್ಯಾಪಿಂಗ್’ ಎಂದು ಬಿಡಿಸಿ ಹೇಳಿ. ಐಸೊಲೇಷನ್ ಎಂದರೆ ಪ್ರೈಮರಿಯೂ ಹೊರಗೆ ಕೊಡುವ ಸೆಕೆಂಡರಿಯೂ ಬೇರೆಬೇರೆ ಸುರುಳಿ; ಟ್ಯಾಪಿಂಗ್ ಎಂದರೆ ಸುರುಳಿಯ ನಡುವಿನಿಂದ ಎಳೆದ ತಂತಿ. ಲೇಬಲ್ಲಿನ ವಾಟಿನ ಎರಡರಷ್ಟು ವಿಎ (ವೋಲ್ಟ್-ಆಂಪಿಯರ್, ಡಬ್ಬಿಯ ಸಾಮರ್ಥ್ಯದ ಅಳತೆ) ಇರಲಿ: 300 ವಾಟಿಗೆ 600 ವಿಎ, ಪ್ರೈಮರಿಗೆ 3.15 ಆಂಪಿಯರಿನ ಸ್ಲೋಬ್ಲೋ (ತಡವಾಗಿ ಕರಗುವ) ಫ್ಯೂಸು. ಅಗ್ಗದ ಡಬ್ಬಿಗಳಲ್ಲಿ ಬಹುಪಾಲು ಆಟೊಟ್ರಾನ್ಸ್‌ಫಾರ್ಮರುಗಳು, ಅಂದರೆ ಒಂದೇ ಸುರುಳಿಯ ನಡುವಿನಿಂದ ತಂತಿ ಎಳೆದದ್ದು. ಆ ಸುರುಳಿಯ ಕೆಳಭಾಗ ಎಲ್ಲಾದರೂ ತುಂಡಾದರೆ 230 ಹಾಗೇ ಆಂಪ್ಲಿಫೈಯರಿಗೆ ನುಗ್ಗುತ್ತದೆ. ಮನೆ ವೈರಿಂಗಿನಲ್ಲಿ ಫೇಸು-ನ್ಯೂಟ್ರಲ್ ಅದಲುಬದಲಾಗಿದ್ದರಂತೂ 110ರ ಎರಡೂ ತಂತಿ ನೆಲಕ್ಕೆ ಹೋಲಿಸಿದರೆ ಪ್ರಾಣಕ್ಕೆ ಎರವಾಗುವಷ್ಟು ಮೇಲಿರುತ್ತವೆ. ಯಾವ ಜಾತಿಯದೆಂದು ತಿಳಿಯಲು ಡಬ್ಬಿಯ ಪ್ಲಗ್ ಕಿತ್ತು, ಅದರ ಸ್ವಿಚ್ ಆನ್ ಇಟ್ಟು, ಮೀಟರನ್ನು ಓಮ್ಸ್‌ಗೆ ತಿರುಗಿಸಿ ಒಂದು ಕಡ್ಡಿ ಇನ್‌ಪುಟ್ ಪಿನ್ನಿಗೆ, ಇನ್ನೊಂದು ಔಟ್‌ಪುಟ್ ತೂತಿಗೆ ಇಡಿ. ಕೆಲವು ಓಮ್ ತೋರಿಸಿದರೆ ಆಟೊ. ಏನೂ ತೋರಿಸದಿದ್ದರೆ ಐಸೊಲೇಷನ್. ಪ್ರವಾಸಿಗಳಿಗೆಂದು ಮಾರುವ, ಅಂಗೈಯಷ್ಟಿದ್ದೂ 1600 ವಾಟ್ ಎಂದು ಬರೆದುಕೊಂಡ ಕನ್ವರ್ಟರ್ ಬೇಡವೇ ಬೇಡ. ಅದು ಅಲೆಯನ್ನೇ ಕತ್ತರಿಸಿ ಕೊಡುತ್ತದೆ. ಹೇರ್‌ಡ್ರೈಯರಿಗೆ ಸೈ, ಟ್ರಾನ್ಸ್‌ಫಾರ್ಮರಿಗೆ ಮಾರಿ.

ಕೆಲವು ಪೆಟ್ಟಿಗೆಗಳೊಳಗೆ 120ರ ಎರಡು ಪ್ರೈಮರಿ ಸುರುಳಿ ಸಮಾಂತರವಾಗಿ ಬೆಸೆದಿರುತ್ತವೆ. ಅವನ್ನು ಸೀರೀಸಿಗೆ ತಂದರೆ ಡಬ್ಬಿಯ ಹಂಗೇ ಇಲ್ಲ. ಮೊದಲ ಸುರುಳಿಯ ಕೊನೆ ಎರಡನೆಯದರ ಮೊದಲಿಗೆ ಸೇರಬೇಕು. ತಿರುಗುಮುರುಗಾದರೆ ಎರಡೂ ಒಂದನ್ನೊಂದು ಹೊಡೆದುಹಾಕಿ, ಬರೀ ತಾಮ್ರದ ತಂತಿ ಮೇನ್ಸ್‌ಗೆ ಅಡ್ಡ ಬಿದ್ದಂತೆ. ಹಾಗಾಗಿ ಮೊದಲ ಸಲ 60 ವಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿಯೇ ಆನ್ ಮಾಡಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿದರೆ ತಕ್ಷಣ ಆಫ್. ಫ್ಯೂಸನ್ನು ಅರ್ಧಕ್ಕೆ ಇಳಿಸಿ: 5 ಆಂಪಿಯರ್ ಇದ್ದಲ್ಲಿ 2.5. ಪವರ್ ಸ್ವಿಚ್ಚಿಗೆ ಅಡ್ಡ ಕೂತ 125 ವೋಲ್ಟಿನ ಕೆಪಾಸಿಟರ್ ಬದಲಾಯಿಸಿ. ಇಷ್ಟೆಲ್ಲ ನೆನಪಿಟ್ಟವರೂ ಮರೆಯುವುದು ಬೆನ್ನಿನ ಮೇಲಿರುವ ಎರಡು ಪುಟ್ಟ ಸಾಕೆಟ್ಟುಗಳನ್ನು. ಅವುಗಳಲ್ಲಿ ಈಗ 230 ಇದೆ. 120ರ ಟರ್ನ್‌ಟೇಬಲ್ಲನ್ನು ಅಲ್ಲಿಗೆ ಚುಚ್ಚಿದರೆ ಮೋಟರ್ ಸುಟ್ಟು ಕರಕಲು.

ಇನ್ನು ಟರ್ನ್‌ಟೇಬಲ್. ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಆದರೆ, ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ 2ರಂಥದ್ದಾದರೆ, ಹರ್ಟ್ಸ್ ಲೆಕ್ಕಕ್ಕಿಲ್ಲ, ವೋಲ್ಟ್ ಸರಿಮಾಡಿದರೆ ಸಾಕು. ಡಿಸಿ ಮೋಟರಿನ ಬೆಲ್ಟ್ ಡ್ರೈವೂ ಹಾಗೆಯೇ. ಫಜೀತಿ ಇರುವುದು ಸಿಂಕ್ರೊನಸ್ ಮೋಟರಿನಲ್ಲಿ, ಅದರ ವೇಗ ಮೇನ್ಸ್‌ನ ಹರ್ಟ್ಸ್‌ಗೆ ಕಟ್ಟಿಹಾಕಿದ್ದು. 60ರಲ್ಲಿ 300 ಸುತ್ತು ತಿರುಗುವ ಮೋಟರ್ ಇಲ್ಲಿ 250 ಸುತ್ತುತ್ತದೆ, 33⅓ ಸುತ್ತಬೇಕಾದ ತಟ್ಟೆ 27.8ಕ್ಕೆ ಇಳಿಯುತ್ತದೆ. 22 ನಿಮಿಷದ ಮಗ್ಗುಲು 26 ನಿಮಿಷ ದಾಟುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡಿದ ಗಾಯಕಿ ಮೂರು ಮನೆಗೂ ಒಂದಿಷ್ಟು ಕೆಳಗೆ ಕುಸಿದು ನಿದ್ದೆಗಣ್ಣಲ್ಲಿ ಹಾಡಿದಂತೆ ಕೇಳುತ್ತದೆ. 45ಕ್ಕೆ ತಿರುಗಿಸಿ ನೋಡೋಣ ಎಂದರೆ ಬರುವುದು 37.5, ಅದೂ ಕೆಲಸಕ್ಕೆ ಬಾರದು.

ದಾರಿ ಎರಡು. ಮೊದಲನೆಯದು ಮೋಟರಿನ ಪುಲ್ಲಿ, ಅಂದರೆ ಬೆಲ್ಟು ಸುತ್ತುವ ಪುಟ್ಟ ಗಾಲಿ, ಬದಲಾಯಿಸುವುದು. ಅದೇ ಮಾಡೆಲಿನ 50 ಹರ್ಟ್ಸ್ ಪುಲ್ಲಿ ಸಿಕ್ಕರೆ ಕಣ್ಣುಮುಚ್ಚಿ ತನ್ನಿ. ಲೇತಿನಲ್ಲಿ ಮಾಡಿಸುವುದಾದರೆ ವ್ಯಾಸವನ್ನು ಸುಮ್ಮನೆ 1.2ರಿಂದ ಗುಣಿಸಬೇಡಿ, ಬೆಲ್ಟಿನ ದಪ್ಪವನ್ನೂ ಸೇರಿಸಿ. 10 ಮಿಲಿಮೀಟರ್ ಪುಲ್ಲಿ, 0.6 ಮಿಲಿಮೀಟರ್ ಬೆಲ್ಟು ಎಂದಿಟ್ಟುಕೊಳ್ಳಿ: 10.6ನ್ನು 1.2ರಿಂದ ಗುಣಿಸಿದರೆ 12.72, ಅದರಲ್ಲಿ ಬೆಲ್ಟಿನ 0.6 ಕಳೆದರೆ 12.12. ಬರೀ 12 ಮಾಡಿಸಿದರೆ ಶೇಕಡಾ ಒಂದರಷ್ಟು ನಿಧಾನ. ತೂತು ನಡುವಿನಿಂದ 0.02 ಮಿಲಿಮೀಟರ್ ಸರಿದರೂ ಕೊಳಲಿನ ಉದ್ದ ಸ್ವರ ನಡುಗುತ್ತದೆ, ಆದ್ದರಿಂದ ತೂತು ಮತ್ತು ಹೊರಮೈ ಎರಡನ್ನೂ ಲೇತಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಲು ಹೇಳಿ. ಈ ಮೋಟರಿಗೂ 100 ವೋಲ್ಟೇ ಹಿತ. 120 ಕೊಟ್ಟರೆ ಬಿಸಿಯ ಜೊತೆ ಅದುರುವಿಕೆ ಸೂಜಿಯವರೆಗೂ ಬರುತ್ತದೆ.

ಎರಡನೆಯದು 60 ಹರ್ಟ್ಸ್‌ಅನ್ನೇ ತಯಾರಿಸಿಕೊಳ್ಳುವುದು. ಮೋಟರ್ ತಿನ್ನುವುದು ಹತ್ತು-ಹದಿನೈದು ವಾಟ್ ಅಷ್ಟೆ. ಫೋನಿನ ಟೋನ್ ಆ್ಯಪಿನಿಂದ 60 ಹರ್ಟ್ಸ್ ಸೈನ್ ಅಲೆ, 8 ಓಮಿಗೆ 30 ವಾಟ್ ಕೊಡುವ ಒಂದು ಆಂಪ್ಲಿಫೈಯರ್ ಚಾನಲ್, 50 ವಿಎಯ 230/18 ಟ್ರಾನ್ಸ್‌ಫಾರ್ಮರ್ ಉಲ್ಟಾ: 18ರ ಕಡೆ ಆಂಪ್ಲಿಫೈಯರ್, 230ರ ಕಡೆ ಮೋಟರ್. ವಾಲ್ಯೂಮ್ ಸೊನ್ನೆಯಿಂದ ಶುರುಮಾಡಿ, ಮೋಟರ್ ತಿರುಗುತ್ತಿರುವಾಗಲೇ ಅಳೆದು 115ರ ಆಸುಪಾಸಿಗೆ ನಿಲ್ಲಿಸಿ. ಆ ತುದಿ ಶಾಕ್ ಹೊಡೆಯುತ್ತದೆ, ತೆರೆದಿಡಬೇಡಿ.

ವೇಗ ನೋಡಲು ತಟ್ಟೆಯ ಮೇಲಿಡುವ, ಸುತ್ತಲೂ ಗೆರೆಗಳಿರುವ ಕಾಗದದ ಸ್ಟ್ರೋಬ್ ಡಿಸ್ಕ್ ಸಾಕು. ಇಲ್ಲಿನ ದೀಪದಡಿ 33⅓ಕ್ಕೆ 180 ಗೆರೆಯ ಸಾಲು ನಿಂತಂತೆ ಕಾಣಬೇಕು, 216ರದ್ದು ಅಮೆರಿಕದವರಿಗೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನಲ್ಲಿ ಗೆರೆ ಚೆನ್ನಾಗಿ ಕಾಣುತ್ತದೆ, ಎಲ್‌ಇಡಿ ಬಲ್ಬಿನಲ್ಲಿ ಹಲವು ಸಲ ಕಾಣುವುದೇ ಇಲ್ಲ.

ರಿಸೀವರಿನಲ್ಲಿ ರೇಡಿಯೊ ಇದ್ದರೆ ಇನ್ನೊಂದು ಸಣ್ಣ ಕಿರಿಕಿರಿ. ಜಪಾನಿನ ಹಳೆಯ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ಬೆಂಗಳೂರಿನ 101.3 ಅದಕ್ಕೆ ಎಟುಕದು. ಅಮೆರಿಕದ ಡಿಜಿಟಲ್ ಟ್ಯೂನರ್ ಮೀಡಿಯಂ ವೇವಿನಲ್ಲಿ ಹತ್ತತ್ತು ಕಿಲೋಹರ್ಟ್ಸ್ ಹಾರುತ್ತದೆ, ನಮ್ಮವು ಒಂಬತ್ತರ ಹೆಜ್ಜೆಯವು: ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765. ಬೆನ್ನಿನಲ್ಲಿ 9/10 ಎಂಬ ಪುಟ್ಟ ಸ್ವಿಚ್ ಇದೆಯೇ ನೋಡಿ. ಇಲ್ಲದಿದ್ದರೆ ಬೆಂಗಳೂರಿಗೆ 610ರಲ್ಲಿ ನಿಲ್ಲಿಸಿ, ಸ್ವಲ್ಪ ಗೊಗ್ಗರು ದನಿಯಲ್ಲೇ ಕೇಳಬೇಕು.