ಎಂಜಲು ಅಲ್ಲ ತಾತ, ಕಫ ಬೇಕು

ಇವತ್ತು ಕೋಲಾರದ ನಮ್ಮ ಲ್ಯಾಬಿಗೆ ಮುಳಬಾಗಿಲು ಕಡೆಯ ತಾತ ಒಬ್ಬರು ಬಂದಿದ್ರು. ಡಬ್ಬಿಯಲ್ಲಿ ಬರೀ ಎಂಜಲು.
"ಇದು ಆಗಲ್ಲ ತಾತ. ಬಾಯಿ ಮುಕ್ಕಳಿಸಿ, ಜೋರಾಗಿ ಉಸಿರು ಎಳೆದು ಎದೆಯಿಂದ ಕೆಮ್ಮಿ" ಅಂದೆ.
ಆಚೆ ಹೋಗಿ ಕೆಮ್ಮಿ ಕೆಮ್ಮಿ ತಂದ್ರು. ಗಟ್ಟಿ ಕಫ, ಅಂಚಲ್ಲಿ ರಕ್ತದ ಗೆರೆ.

ಟಿಬಿ ಮಾತ್ರೆ ಮುಗಿಸಿ ವರ್ಷಗಳಾಗಿವೆ. ಊರಲ್ಲಿ "ಟಿಬಿ ತಿರುಗಿ ಬಂತು" ಅಂತಾರಂತೆ. ಈ ಸಲ ಟಿಬಿ ನೆಗೆಟಿವ್. ಫಂಗಸ್, ಅಂದ್ರೆ ಬೂಷ್ಟು, ಇದೆಯಾ ನೋಡಿ ಅಂತ ಡಾಕ್ಟರ್ ಬರೆದಿದ್ರು.

ಸ್ಲೈಡ್ ಮೇಲೆ ಚೂರು ಕಫ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಲೋಳೆ, ಜೀವಕೋಶ ಎಲ್ಲಾ ನಿಧಾನಕ್ಕೆ ಕರಗಿ ತಿಳಿಯಾಗುತ್ತೆ. ಫಂಗಸ್ ಗೋಡೆ ಮಾತ್ರ ಕರಗಲ್ಲ.
ಆಮೇಲೆ ಮೈಕ್ರೋಸ್ಕೋಪಲ್ಲಿ ಕಂಡವು. ಅಡ್ಡಗೆರೆ ಇರೋ ಸಣ್ಣ ಎಳೆಗಳು, ಸುಮಾರು 45 ಡಿಗ್ರಿಗೆ ಕವಲೊಡೆದು, ಜಾಲಿ ಕೊಂಬೆ ಥರ. ಆಸ್ಪರ್ಜಿಲಸ್ ಅನ್ನೋ ಫಂಗಸ್ ಇರಬಹುದು. ಕಲ್ಚರ್‌ಗೆ ಇಟ್ಟಿದ್ದೀನಿ, ಹೆಸರು ಹೇಳೋಕೆ ಅದು ಬೆಳೀಬೇಕು.

ಕಫದಲ್ಲಿ ಕಂಡ ಮಾತ್ರಕ್ಕೆ ಕಾಯಿಲೆ ಅಂತಲ್ಲ, ಇದರ ಬೀಜಕಣ ಗಾಳಿಯಲ್ಲೇ ಇರುತ್ತೆ. ಸಿಟಿ ಸ್ಕ್ಯಾನ್, ರಕ್ತದ ಐಜಿಜಿ (ಈ ಫಂಗಸ್ ವಿರುದ್ಧ ದೇಹ ಮಾಡೋ ಪ್ರತಿಕಾಯ) ಪರೀಕ್ಷೆ ಸೇರಿಸಿ ನೋಡಿ ಡಾಕ್ಟರೇ ಹೇಳಬೇಕು.

ಆದ್ರೆ ಟಿಬಿ ಶ್ವಾಸಕೋಶದಲ್ಲಿ ಬಿಟ್ಟುಹೋದ ಪೊಳ್ಳು ಜಾಗದಲ್ಲಿ ಇದು ಮನೆ ಮಾಡೋದು ಹೊಸದೇನಲ್ಲ. ಟಿಬಿ ಮಾತ್ರೆ ಇದಕ್ಕೆ ನಾಟಲ್ಲ. ಎಷ್ಟು ಜನ ಸುಮ್ಮನೆ ಎರಡನೇ ಸಲ ಆ ಮಾತ್ರೆ ನುಂಗಿರಬಹುದೋ, ನೆನೆದ್ರೆ ಹೊಟ್ಟೆ ಉರಿಯುತ್ತೆ.

ಮನೇಲಿ ಟಿಬಿ ವಾಸಿಯಾದವರು ಮತ್ತೆ ಕೆಮ್ಮುತ್ತಿದ್ರೆ ಫಂಗಸ್ ಬಗ್ಗೆನೂ ಡಾಕ್ಟರ್ ಹತ್ರ ಕೇಳಿ. ಬೆಳಗ್ಗೆ ಎದ್ದ ತಕ್ಷಣದ ಕಫ ತನ್ನಿ, ತಡ ಮಾಡದೆ ಲ್ಯಾಬಿಗೆ ಕೊಡಿ.