ಎತ್ತಿಗೆ ಮೂಗುದಾಣ

ಅಕ್ಕನ ಮಗ ದುಬೈನಿಂದ ರಜೆಗೆ ಬಂದಿದ್ದ. ಬಂದಾಗಲೆಲ್ಲ ಒಂದು ಖರ್ಜೂರದ ಡಬ್ಬಿ, ಅವ್ವನ ಮೊಣಕಾಲಿಗೆ ಹಚ್ಚೋಕೆ ಒಂದು ಮುಲಾಮು ತರುತ್ತಾನೆ. ಈ ಸಲ ಅವೆರಡರ ಜೊತೆ ಮೊಬೈಲ್ ತುಂಬ ಗೋಡೆಗಳ ಫೋಟೊ ತಂದಿದ್ದ.

ಅಲ್ಲಿ ಸತ್ವಾ ಅಂತ ಒಂದು ಹಳೆಯ ಬಡಾವಣೆ ಇದೆಯಂತೆ. ಅದರೊಳಗೆ ಡಿಸೆಂಬರ್ 2ರ ರಸ್ತೆ. 1971ರಲ್ಲಿ ಆ ದಿನ ಅಲ್ಲಿನ ಸಂಸ್ಥಾನಗಳು ಸೇರಿ ಯುಎಇ ಆದವಲ್ಲ, ಅದರ ನೆನಪಿಗೆ ಆ ಹೆಸರು. 2016ರಲ್ಲಿ ಆ ರಸ್ತೆಯ ಕಟ್ಟಡಗಳ ಗೋಡೆಗೆ ದೇಶ ದೇಶದ ಕಲಾವಿದರನ್ನು ಕರೆಸಿ ಚಿತ್ರ ಬರೆಸಿದರು. ಒಂದು ಗೋಡೆ ಮೇಲೆ ರೆಕ್ಕೆ ಬಿಚ್ಚಿದ ಗಿಡುಗ, ಬಣ್ಣ ಎರಚಿ ಎರಚಿ ಬರೆದಂಥದ್ದು. ಉಳಿದವುಗಳಲ್ಲೂ ಆ ಊರಿನ ಹಳೆಯ ಬದುಕೇ. ಎಣ್ಣೆ ಸಿಗೋಕೆ ಮೊದಲು ಅಲ್ಲಿನವರು ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆದು ಹೊಟ್ಟೆ ಹೊರೆದವರು. ಕೆಲಸ ಬಿಟ್ಟ ಮೇಲೆ, ಹೊತ್ತು ಮುಳುಗಿದ ಮೇಲೆ, ಇವನು ಒಬ್ಬನೇ ಆ ಬೀದಿಗಳಲ್ಲಿ ಅಡ್ಡಾಡುತ್ತಾನಂತೆ. ಬೇಸಿಗೆಯಲ್ಲಿ ರಾತ್ರಿಯೂ ಗೋಡೆ ಹತ್ತಿರ ಹೋದರೆ ಮುಖಕ್ಕೆ ಕಾವು ಬಡಿಯುತ್ತೆ ಅಂದ. "ಊರು ನೆನಪಾದ್ರ ಅಲ್ಲಿ ಹೋಗಿ ನಿಂದರತೀನಿ ಚಿಗವ್ವ" ಅಂತಲೂ ಅಂದ. ಆ ಮಾತು ನನ್ನ ಕರುಳಿಗೆ ತಾಗಿತು.

"ನಮ್ಮ ಕಡೆ ಇಂಥವು ಇಲ್ಲೇನ?" ಅಂತ ಕೇಳಿದ.

"ಅದಾವೋ. ನಾವು ನಿಂತು ನೋಡಂಗಿಲ್ಲ, ಅಷ್ಟ" ಅಂದೆ.

ಹಾಗೆ ಅಂದುಬಿಟ್ಟೆ, ಆದರೆ ತೋರಿಸಬೇಕಲ್ಲ? ಸಂಕ್ರಾಂತಿ ಮುಗಿದು ಎರಡನೇ ಭಾನುವಾರ ಕಾರು ತೆಗೆದೆವು. ಅವ್ವನನ್ನೂ ಕರೆದೆ. "ಗೋಡಿ ನೋಡಾಕ ನಾ ಯಾಕ ಬರ್ಲಿ" ಅಂದಳು. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಎಲ್ಲ ಬುತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತಳು.

ಹುಬ್ಬಳ್ಳಿಯಲ್ಲಿ ಮೊದಲು ಚನ್ನಮ್ಮ ಸರ್ಕಲ್. ದಿನಾ ಅದರ ಸುತ್ತ ಹಾಯುತ್ತೇನೆ. ಸಿಗ್ನಲ್ ನೋಡುತ್ತೇನೆ, ಬಸ್ ನೋಡುತ್ತೇನೆ. ಕುದುರೆ ಮೇಲೆ ಕತ್ತಿ ಹಿಡಿದು ಕೂತ ರಾಣಿಯನ್ನು ಕತ್ತೆತ್ತಿ ನೋಡಿ ಎಷ್ಟು ವರ್ಷ ಆಗಿತ್ತೋ. ಅವತ್ತು ಕಾರು ದೂರ ನಿಲ್ಲಿಸಿ ನಡೆದು ಬಂದು ನೋಡಿದೆವು.

ಅಲ್ಲಿಂದ ಸ್ವಲ್ಪ ಮುಂದೆ ಒಂದು ಉದ್ದ ಕಾಂಪೌಂಡ್ ಗೋಡೆ. ಅದರ ಮೇಲೆ ಡೊಳ್ಳಿನವರು, ವೀರಗಾಸೆಯವರು, ಕರಡಿ ಮಜಲಿನವರು ಸಾಲಾಗಿ ಇದ್ದಾರೆ. ಹತ್ತಿರ ಹೋದರೆ ಬಣ್ಣದ ಅಡಿಯಲ್ಲಿ ಸೀಸದಕಡ್ಡಿಯ ಚೌಕಗಳು ಇನ್ನೂ ಕಾಣುತ್ತವೆ. ಸಣ್ಣ ಚಿತ್ರಕ್ಕೆ ಚೌಕದ ಗೆರೆ ಹಾಕಿಕೊಂಡು, ಗೋಡೆ ಮೇಲೆ ಅಷ್ಟೇ ಚೌಕ ದೊಡ್ಡದಾಗಿ ಹೊಡೆದು, ಒಂದೊಂದು ಚೌಕವನ್ನೇ ಹಿಗ್ಗಿಸುತ್ತ ಹೋಗುವ ಕೆಲಸ ಅದು. ಎಷ್ಟು ತಾಳ್ಮೆ ಬೇಕು! ಆದರೆ ಡೊಳ್ಳಿನವನ ಮೊಣಕಾಲಿನಿಂದ ಕೆಳಗೆ ಪೂರ್ತಿ ಗುಟ್ಕಾದ ಉಗುಳು. ವೀರಗಾಸೆಯವನ ಎದೆ ಮೇಲೆ ಟ್ಯೂಷನ್ ಕ್ಲಾಸಿನ ಪೋಸ್ಟರ್. ನಮ್ಮ ಹುಡುಗ ಏನೂ ಅನ್ನಲಿಲ್ಲ. ಫೋಟೊ ತೆಗೆಯೋಕೆ ಎತ್ತಿದ್ದ ಮೊಬೈಲ್ ಕೆಳಗಿಳಿಸಿದ. ನನಗೆ ಬಹಳ ನೋವಾಯಿತು. ಸಿಟ್ಟೂ ಬಂತು. ಯಾರೋ ಬಿಸಿಲಲ್ಲಿ ವಾರಗಟ್ಟಲೆ ನಿಂತು ಬರೆದಿದ್ದರ ಮೇಲೆ ಉಗುಳೋಕೆ ಮನಸ್ಸು ಹೇಗೆ ಬರುತ್ತೆ?

ಊರ ಹೊರಗೆ ಬರುವಾಗ ಇನ್ನೊಂದು ಗೋಡೆ ಸಿಕ್ಕಿತು. ಅದು ಇನ್ನೂ ಅರ್ಧ ಆಗಿತ್ತು. ಐವತ್ತು ದಾಟಿದ ಒಬ್ಬ ಪೇಂಟರ್ ಸ್ಟೂಲ್ ಮೇಲೆ ನಿಂತು ಕಾರಹುಣ್ಣಿಮೆಯ ಜೋಡೆತ್ತು ಬರೆಯುತ್ತಿದ್ದ. ಎತ್ತಿನ ಮೈ ಬೆಳ್ಳಗೆ ತುಂಬಿತ್ತು, ಕೋಡು, ಕಣ್ಣು ಇನ್ನೂ ಬಂದಿರಲಿಲ್ಲ. ಮಾತಿಗೆಳೆದೆ.

"ಮೊದಲ ಅಂಗಡಿ ಬೋರ್ಡ್ ಬರೀತಿದ್ನಿರಿ ಅಕ್ಕಾರ. ಲಾರಿ ಹಿಂದ, ಟ್ರ್ಯಾಕ್ಟರ್ ಮ್ಯಾಲ, ಎಲ್ಲಾ. ಫ್ಲೆಕ್ಸ್ ಬಂದ ಮ್ಯಾಲ ಆ ಕೆಲಸ ಹೋತು. ನಡುವ ಮನಿಗೆ ಡಿಸ್ಟೆಂಪರ್ ಹೊಡದು ಹೊಟ್ಟಿ ತುಂಬಿಸಿಕೊಂಡೆ. ಈಗ ಗ್ವಾಡಿ ಚಿತ್ರ ಬಂದಾವ, ಕೈ ಮತ್ತ ಅಳ್ಳಕಾತು."

ಗೋಡೆ ಎಷ್ಟು ದಿನ ಬಾಳುತ್ತೆ ಅಂತ ನಮ್ಮ ಹುಡುಗ ಕೇಳಿದ. ಪೇಂಟರ್ ಕೆಳಗಿಳಿದು ಗೋಡೆಯ ಬುಡ ತೋರಿಸಿದ. ಅಲ್ಲಿ ಬಿಳಿ ಹಿಟ್ಟಿನ ಹಾಗೆ ಉಪ್ಪು ಎದ್ದಿತ್ತು. ನೆಲದ ತೇವವನ್ನು ಇಟ್ಟಿಗೆ ಹೀರುತ್ತೆ, ನೀರು ಆರಿ ಹೋಗುತ್ತೆ, ಉಪ್ಪು ಉಳಿದು ಬಣ್ಣವನ್ನು ಒಳಗಿನಿಂದ ನೂಕುತ್ತೆ. ಅದಕ್ಕೇ ಬುಡದ ಒಂದು ಮೊಳ ಅವನು ಚಿತ್ರ ಬರೆಯದೆ ಕೆಮ್ಮಣ್ಣಿನ ಬಣ್ಣದ ಪಟ್ಟಿ ಬಿಡುತ್ತಾನೆ. ಸುಲಿದರೆ ಅಷ್ಟನ್ನೇ ಮತ್ತೆ ಹೊಡೆಯಬಹುದು. ಇನ್ನೊಂದು ಕಾಟ ನಮ್ಮ ಎರೆಮಣ್ಣಿನದು. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಅದರ ಜೊತೆ ಗೋಡೆಯೂ ಬಿರಿಯುತ್ತೆ. ಮರುಭೂಮಿಯಲ್ಲಿ ಬಿಸಿಲು, ಉಸುಕು ಬಣ್ಣ ತಿಂದರೆ ಇಲ್ಲಿ ನೆಲವೇ ತಿನ್ನುತ್ತೆ.

ಕಾರಿನಲ್ಲೇ ಕೂತಿದ್ದ ಅವ್ವ ಕಿಟಕಿಯಿಂದ ಒಂದೇ ಮಾತು ಅಂದಳು. "ಬುಡಕ್ಕ ಪಟ್ಟಿ ಬಿಟ್ಟಾನ ನೋಡು, ನಮ್ಮ ಹಳ್ಳಿ ಮನಿ ಕಾರಣಿ ಹಂಗ." ಹೌದಲ್ವಾ! ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣಿ. ಚಿಕ್ಕಂದಿನಿಂದ ನೋಡಿದ್ದೇನೆ. ಅಲಂಕಾರಕ್ಕೆ ಅಂತಷ್ಟೇ ತಿಳಿದಿದ್ದೆ.

ವರೂರಿನಲ್ಲಿ 61 ಅಡಿಯ ಪಾರ್ಶ್ವನಾಥನ ಮೂರ್ತಿ ರಸ್ತೆಯಿಂದಲೇ ಕಂಡಿತು. ಅವ್ವ ಕೂತಲ್ಲೇ ಕೈ ಮುಗಿದಳು. ತಡಸ ಕ್ರಾಸ್ ದಾಟಿದೆವು. ಎರಡೂ ಕಡೆ ಗೋವಿನಜೋಳ ಕಿತ್ತ ಹೊಲ. ಇದು ಶಿಗ್ಗಾಂವಿ ತಾಲೂಕು. ಕನಕದಾಸರ ಬಾಡ, ಶರೀಫಜ್ಜನ ಶಿಶುವಿನಹಾಳ ಎರಡೂ ಇದೇ ತಾಲೂಕಿನವು. ಹೆದ್ದಾರಿ ಪಕ್ಕದ ಗೊಟಗೋಡಿಯಲ್ಲಿ ಇಳಿದೆವು. ಜಾನಪದ ವಿಶ್ವವಿದ್ಯಾಲಯ ಇರೋದು ಇಲ್ಲೇ, ಉತ್ಸವ ರಾಕ್ ಗಾರ್ಡನ್ ಇರೋದೂ ಇಲ್ಲೇ. ರಾಕ್ ಗಾರ್ಡನ್ ಕಟ್ಟಿದವರು ಟಿ.ಬಿ. ಸೊಲಬಕ್ಕನವರ, ಇದೇ ತಾಲೂಕಿನ ಹುಲಸೋಗಿಯವರು. ಚಿತ್ರಕಾರರು, ದೊಡ್ಡಾಟದವರು. 2020ರಲ್ಲಿ ತೀರಿಕೊಂಡರು.

ಒಳಗೆ ಹೋದ ಮೇಲೆ ಹೆಚ್ಚು ದೂರ ನಡೆಯಲೇ ಇಲ್ಲ ಅವ್ವ. ಆಳೆತ್ತರದ ಸಿಮೆಂಟಿನ ಮನುಷ್ಯರು. ಕುಂಬಾರ, ಕಮ್ಮಾರ, ಕುರಿ ಕಾಯುವವರು, ಮನೆಗೆಲಸದ ಹೆಂಗಸರು. ಸೀರೆಯ ಅಂಚು, ಧೋತರದ ಕಚ್ಚೆ, ಪಟಗದ ಸುತ್ತು ಎಲ್ಲ ನಮ್ಮ ಕಡೆಯದೇ. ಸಿಮೆಂಟಿನಲ್ಲಿ ಸೀರೆಯ ನಿರಿಗೆ ತರೋದು ಸುಮ್ನೆ ಮಾತಲ್ಲ. ಗಟ್ಟಿಯಾಗೋ ಮೊದಲೇ ಕೈಚಳಕ ಮುಗಿಯಬೇಕು.

ಬೀಸುಕಲ್ಲಿನ ಮುಂದೆ ಕೂತ ಹೆಂಗಸಿನ ಎದುರು ಅವ್ವ ನಿಂತುಬಿಟ್ಟಳು.

ನಾನು ಅವಳ ಪಕ್ಕ ಇದ್ದೆ, ಹಾಗಾಗಿ ಇದನ್ನು ಪೂರ್ತಿ ನೋಡಿದೆ. ಮೊದಲು ಅವಳ ಬಲಗೈ ಎದೆ ಮಟ್ಟಕ್ಕೆ ಬಂತು. ಮುಷ್ಟಿ ಕಟ್ಟಿತು, ಗೂಟ ಹಿಡಿದ ಹಾಗೆ. ಗಾಳಿಯಲ್ಲಿ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು. ಸಂಧಿವಾತಕ್ಕೆ ಗಂಟುಗಂಟಾದ ಬೆರಳುಗಳು, ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿಕೊಂಡರೆ ಮಾತ್ರ ಬಿಚ್ಚಿಕೊಳ್ಳೋ ಬೆರಳುಗಳು. ಎಡಗೈ ಮೂರು ಸುತ್ತಿಗೊಮ್ಮೆ ಮುಂದೆ ಹೋಗಿ ಏನೋ ಚೆಲ್ಲಿ ಬರುತ್ತಿತ್ತು. ಕಾಳು. ತುಟಿ ಅಲುಗುತ್ತಿತ್ತು. ಬೀಸುವ ಪದ ಇರಬೇಕು, ನನಗೆ ಕೇಳಿಸಲಿಲ್ಲ. ನಾನು ಹುಟ್ಟೋ ಹೊತ್ತಿಗೆ ಊರಿಗೆ ಗಿರಣಿ ಬಂದಿತ್ತು. ಅವ್ವ ಬೀಸಿದ್ದನ್ನು ನಾನು ಕಂಡೇ ಇರಲಿಲ್ಲ.

"ಈಕಿ ಇನ್ನೊಂದ ಮುಷ್ಟಿ ಕಾಳ ಹಾಕಬೇಕ. ಕಲ್ಲ ಬರೇ ತಿರಗಿದ್ರ ಸವೀತದ" ಅಂದಳು.

"ಆಯಿ, ನಿಂಗೂ ಹಿಂಗ ಬೀಸಾಕ ಬರ್ತಿತ್ತೇನ?" ಅಂದ ಮೊಮ್ಮಗ.

"ಬರ್ತಿತ್ತೇನ ಅಂತೀಯಲ್ಲೋ. ನಸುಕಿನ್ಯಾಗ ಎದ್ದು ಒಂದು ಬುಟ್ಟಿ ಜೋಳ ಬೀಸಿನ ಕಸಾ ಹೊಡೀತಿದ್ದೆ. ನಿಮ್ಮವ್ವ ಕಾಲ ಮ್ಯಾಲ ಮಲಗಿರ್ತಿದ್ಲು."

ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಹಂತಿ ಹೊಡೆಯುವಾಗ ಮೇಟಿ ಹೇಗೆ ನೆಡುತ್ತಿದ್ದರು, ಕಣಕ್ಕೆ ಸೆಗಣಿ ಸಾರಿಸಿದ ಮೇಲೆ ಯಾರೂ ಚಪ್ಪಲಿ ಹಾಕಿ ಕಾಲಿಡಬಾರದು ಅಂತ ಹೇಗೆ ಕಾಯುತ್ತಿದ್ದರು, ಕೂರಿಗೆ ಪೂಜೆಯ ದಿನ ಏನು ಅಡಿಗೆ. ಅವ್ವನಿಗೆ ಓದೋಕೆ ಬರಲ್ಲ. ಯಾವ ಕಲಾ ಗ್ಯಾಲರಿಗೂ ಅವಳು ಕಾಲಿಟ್ಟವಳಲ್ಲ. ಕರೆದರೂ "ನಂಗೇನ ತಿಳೀತದ" ಅಂತಿದ್ದಳು. ಇಲ್ಲಿ ಬಯಲಲ್ಲಿ, ಬಿಸಿಲಲ್ಲಿ, ಅವಳೇ ಮುಂದೆ, ನಾವು ಹಿಂದೆ. ನಾನು ಡಿಗ್ರಿ ಓದಿದವಳು. ಆದರೆ ಅಲ್ಲಿನ ಅರ್ಧ ಸಾಮಾನಿನ ಹೆಸರು ನನಗೆ ಗೊತ್ತಿರಲಿಲ್ಲ.

ಗಿಡದ ನೆರಳಲ್ಲಿ ಸ್ವಲ್ಪ ಹೊತ್ತು ಕೂತೆವು. ಈ ನೆಲಕ್ಕೆ ಇದು ಹೊಸದಲ್ಲ ಅಂತ ನಮ್ಮ ಹುಡುಗನಿಗೆ ಹೇಳಿದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲೇ ಚಿತ್ರಕಲಾ ಶಾಲೆ ತೆಗೆದರು. ಗದಗಿನಲ್ಲಿ ತಿ.ಪ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿದರು. ಇನ್ನೂ ಹಿಂದೆ ಹೋದರೆ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ, 1007ರದ್ದು. ಅವನು ಲಕ್ಕುಂಡಿ ಇನ್ನೂ ನೋಡಿಲ್ಲ. ಮುಂದಿನ ರಜೆಗೆ ಅಂತ ಮಾತಾಯಿತು.

ಅವ್ವ ನಡುವೆ ಬಾಯಿ ಹಾಕಿದಳು. "ನಾವೂ ಮಾಡತಿದ್ವೆಲ್ಲೋ. ದೀಪಾವಳಿಗೆ ಸೆಗಣಿ ಪಾಂಡವರು. ಮಣ್ಣೆತ್ತಿನ ಅಮಾಸಿಗೆ ಮಣ್ಣಿನೆತ್ತು. ನಮ್ಮಪ್ಪ ಮಾಡಿದ ಎತ್ತಿನ ಇಣಿ ನೋಡಾಕ ಓಣಿ ಮಂದಿ ಬರ್ತಿದ್ರು." ಇಣಿ ಅಂದರೆ ಎತ್ತಿನ ಹೆಗಲ ಮೇಲಿನ ಡುಬ್ಬ. ಅಜ್ಜ ಎತ್ತು ಮಾಡುತ್ತಿದ್ದ ಅಂತ ನನಗೆ ಗೊತ್ತಿತ್ತು. ನೋಡೋಕೆ ಜನ ಬರುತ್ತಿದ್ದರು ಅನ್ನೋದು ಈಗ ಗೊತ್ತಾಯಿತು. ಅಜ್ಜ ಹೋಗಿ ಮೂವತ್ತು ವರ್ಷದ ಮೇಲಾಯಿತು. ಹಬ್ಬ ಮುಗಿದ ಮೇಲೆ ಆ ಎತ್ತುಗಳನ್ನು ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. "ಹೊಳ್ಯಾಗ ಬಿಡೋದವ್ವ, ಮತ್ತೇನ" ಅಂದಳು. ಒಂದೂ ಉಳಿದಿಲ್ಲ.

ಬುತ್ತಿಯನ್ನು ಅಲ್ಲಿಯೇ ಬಿಚ್ಚಲಿಲ್ಲ. ಅವ್ವನಿಗೆ ಹಸಿವೇ ಇರಲಿಲ್ಲ. ತಿರುಗಿ ತಿರುಗಿ ಮೊಣಕಾಲು ನೋಯುತ್ತಿದ್ದರೂ "ಇನ್ನೊಂದ ಸಲ ಆ ಎತ್ತಿನ ಕಡೆ ಹೋಗೂಣ" ಅಂದಳು. ಹೋದೆವು. ಆ ಸಿಮೆಂಟಿನ ಎತ್ತಿನ ಮುಖದ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು.

ವಾಪಸ್ ಬರುವಾಗ ಸಂಜೆ ಆಗಿತ್ತು. ಬೆಳಿಗ್ಗೆ ನೋಡಿದ ಗೋಡೆಯ ಹತ್ತಿರ ಅವ್ವನೇ ಕಾರು ನಿಲ್ಲಿಸು ಅಂದಳು. ಪೇಂಟರ್ ಬ್ರಷ್ ತೊಳೆಯುತ್ತಿದ್ದ. ಜೋಡೆತ್ತು ಮುಗಿದಿದ್ದವು. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಝೂಲ. ಸಂಜೆ ಬಿಸಿಲಿಗೆ ಅವು ಗೋಡೆಯಿಂದ ಇಳಿದು ಬರುವ ಹಾಗೆ ಕಾಣುತ್ತಿದ್ದವು.

ಅವ್ವ ಇಳಿದು, ನನ್ನ ಭುಜ ಹಿಡಿದು, ಹತ್ತಿರ ಹೋಗಿ ನಿಂತಳು.

"ತಮ್ಮಾ, ಭಾಳ ಚಂದ ಬಂದಾವ. ಆದ್ರ ಎಡಗಡಿ ಎತ್ತಿಗೆ ಮೂಗದಾಣ ಇಲ್ಲಲ್ಲೋ."

ಪೇಂಟರ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಹೌದ ನೋಡ್ರಿ ಆಯಿ" ಅಂದ. ಮುಚ್ಚಿಟ್ಟ ಡಬ್ಬಿಯ ಮುಚ್ಚಳ ಮತ್ತೆ ತೆಗೆದ. ಎಲ್ಲಕ್ಕಿಂತ ಸಣ್ಣ ಬ್ರಷ್ ಆರಿಸಿ, ಒಂದು ಸಲ ಬೆರಳಿನಲ್ಲಿ ಅದರ ತುದಿ ಚೂಪು ಮಾಡಿ, ಮೂಗಿನಿಂದ ಕೋಡಿನ ಹಿಂದಕ್ಕೆ ಒಂದೇ ಉಸಿರಿನಲ್ಲಿ ಗೆರೆ ಎಳೆದ.

ಅವ್ವ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಬುತ್ತಿ ತಗೀ. ಇವನಿಗೂ ಎರಡು ರೊಟ್ಟಿ ಕೊಡು" ಅಂದಳು.