ಲಂಡನ್ ಶಾಪಿಂಗ್: ಮೊದಲು ವಾರ ನೋಡಿ, ಆಮೇಲೆ ಮಾರ್ಕೆಟ್

ಲಂಡನ್‌ಗೆ ಹೊರಟವರು "ಶಾಪಿಂಗ್‌ಗೆ ಎಲ್ಲಿ ಹೋದರೆ ಒಳ್ಳೇದು?" ಅಂತ ಕೇಳಿದಾಗಲೆಲ್ಲ ನಾನು "ಅಲ್ಲಿ ಯಾವ್ಯಾವ ವಾರ ಇರ್ತೀರಿ?" ಅಂತ ತಿರುಗಿ ಕೇಳುತ್ತೇನೆ. ನಮ್ಮ ಊರುಗಳ ಸಂತೆಗೆ ಒಂದು ವಾರ ಗೊತ್ತಾಗಿರುವ ಹಾಗೆ ಅಲ್ಲಿನ ಮಾರ್ಕೆಟ್‌ಗಳಿಗೂ ವಾರ ಇದೆ. ಶನಿವಾರ ಪೋರ್ಟೊಬೆಲ್ಲೊ ರೋಡ್. ಭಾನುವಾರ ಕೊಲಂಬಿಯಾ ರೋಡ್ ಮತ್ತು ಬ್ರಿಕ್ ಲೇನ್. ಗುರುವಾರ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಹಳೇ ಸಾಮಾನು, ಶುಕ್ರವಾರ ಬೆಳಗ್ಗೆ ಬರ್ಮಂಡ್ಸಿಯಲ್ಲಿ. ಬರೋ ಮಾರ್ಕೆಟ್‌ಗೆ ಸೋಮವಾರ ರಜೆ. ವಾರ ತಪ್ಪಿ ಹೋದರೆ ಖಾಲಿ ರಸ್ತೆ ನೋಡಿಕೊಂಡು ವಾಪಸ್ ಬರಬೇಕು. ಹಾಗಾಗಿ ವಿಮಾನದ ಟಿಕೆಟ್ ಮಾಡುವಾಗಲೇ ಒಂದು ಪೂರ್ತಿ ಶನಿವಾರ, ಒಂದು ಪೂರ್ತಿ ಭಾನುವಾರ ಕೈಗೆ ಸಿಗುವ ಹಾಗೆ ನೋಡಿಕೊಳ್ಳಿ. ಮ್ಯೂಸಿಯಂ, ಅರಮನೆ ಎಲ್ಲ ವಾರದ ನಡುವೆ ಇಟ್ಟುಕೊಳ್ಳಬಹುದು.

ನಾನು ಹೋಗಿದ್ದು ಅಮ್ಮನ ಜೊತೆ. ಅವರಿಗೆ ಮಂಡಿ ನೋವು. ಹಾಗಾಗಿ ಪೋರ್ಟೊಬೆಲ್ಲೊಗೆ ನಾಟಿಂಗ್ ಹಿಲ್ ಗೇಟ್ ಸ್ಟೇಷನ್ ಕಡೆಯಿಂದ ಹೋದೆವು. ಆ ಕಡೆಯಿಂದ ಹೊರಟರೆ ರಸ್ತೆ ಇಳಿಜಾರು. ಮೊದಲು ಬಣ್ಣಬಣ್ಣದ ಮನೆಗಳು, ಆಮೇಲೆ ಹಳೇ ಸಾಮಾನಿನ ಅಂಗಡಿಗಳು, ಆಮೇಲೆ ಹಣ್ಣು ತರಕಾರಿ, ಫ್ಲೈಓವರ್ ಕೆಳಗೆ ಹಳೇ ಬಟ್ಟೆಗಳು. ಕೊನೆಯಲ್ಲಿ ಲ್ಯಾಡ್‌ಬ್ರೋಕ್ ಗ್ರೋವ್ ಸ್ಟೇಷನ್‌ನಲ್ಲಿ ಟ್ಯೂಬ್, ಅಂದರೆ ಅಲ್ಲಿನ ಮೆಟ್ರೋ ರೈಲು, ಹತ್ತಿದರೆ ಮತ್ತೆ ಏರು ಹತ್ತುವ ಕೆಲಸವೇ ಇಲ್ಲ. ವಯಸ್ಸಾದವರ ಜೊತೆ ಹೋಗುವವರು ಇದೇ ದಾರಿ ಹಿಡಿಯಿರಿ. ಬೆಳಗ್ಗೆ ಒಂಬತ್ತಕ್ಕೆಲ್ಲ ಅಲ್ಲಿರಬೇಕು. ಹನ್ನೊಂದು ದಾಟಿದರೆ ಭುಜಕ್ಕೆ ಭುಜ ತಾಗುವಷ್ಟು ಜನ.

ಇಲ್ಲಿ ಕೊಳ್ಳಬೇಕಾದದ್ದು ಬೆಳ್ಳಿ ಅಂತ ನನ್ನ ಅಭಿಪ್ರಾಯ. ಅಮ್ಮ ಒಂದು ಪುಟ್ಟ ಚಮಚ ಕೈಗೆತ್ತಿಕೊಂಡರು. ಅಂಗಡಿಯ ಅಜ್ಜ ಭೂತಗನ್ನಡಿ ಕೊಟ್ಟು, ಹಿಡಿಯ ಹಿಂಬದಿಯಲ್ಲಿ ಎಳ್ಳು ಕಾಳಿನಷ್ಟು ಚಿಕ್ಕ ಮುದ್ರೆಗಳನ್ನು ಉಗುರಿನಿಂದ ತೋರಿಸಿದರು. ಒಂದು ಕಾಲೆತ್ತಿ ನಡೆಯುವ ಸಿಂಹ, ಪಕ್ಕದಲ್ಲಿ ಚಿರತೆಯ ತಲೆ, ಅದರಾಚೆ ಒಂದು ಅಕ್ಷರ. ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ಶೇಕಡಾ 92.5 ಬೆಳ್ಳಿ. ಚಿರತೆಯ ತಲೆ ಇದ್ದರೆ ಪರೀಕ್ಷೆ ಆಗಿದ್ದು ಲಂಡನ್‌ನಲ್ಲಿ. ಅಕ್ಷರ ನೋಡಿ ಯಾವ ವರ್ಷದ್ದು ಅಂತ ಹೇಳಬಹುದು. ಸಿಂಹದ ಬದಲು 'ಇ.ಪಿ.ಎನ್.ಎಸ್.' ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಅದು ಬೆಳ್ಳಿ ಅಲ್ಲ, ಬೆಳ್ಳಿಯ ಲೇಪ ಅಷ್ಟೇ. ನೋಡೋಕೆ ಎರಡೂ ಒಂದೇ ಥರ ಹೊಳೆಯುತ್ತವೆ. ಇಷ್ಟು ತಿಳಿದುಕೊಂಡು ಹೋದರೆ ಸಾಕು, ಧೈರ್ಯವಾಗಿ ಕೊಳ್ಳಬಹುದು.

"ಸ್ವಲ್ಪ ಕಡಿಮೆ ಮಾಡ್ತಾರಾ ಕೇಳೇ" ಅಂತ ಅಮ್ಮ ಪಿಸುಗುಟ್ಟಿದರು. ಕೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅರ್ಧ ಬೆಲೆಗೆ ಕೇಳುವ ರೂಢಿ ಅಲ್ಲಿಲ್ಲ. "ನಿಮ್ಮ ಬೆಸ್ಟ್ ಪ್ರೈಸ್ ಎಷ್ಟು?" ಅಂತ ನಗುತ್ತಾ ಒಂದು ಸಲ ಕೇಳಿ. ಎರಡು ಸಾಮಾನು ಒಟ್ಟಿಗೆ ತಗೊಂಡರೆ, ನೋಟು ಕೊಟ್ಟರೆ, ಒಂದಿಷ್ಟು ಬಿಡುತ್ತಾರೆ. ಚಮಚ ನಮ್ಮದಾಯಿತು. ಒಂದು ಎಚ್ಚರಿಕೆ: ಹಳೇ ಚಾಕು, ಡಬ್ಬಿಗಳಲ್ಲಿ ಆನೆದಂತದ ಹಿಡಿ ಇರುತ್ತದೆ. ಅದನ್ನು ಮುಟ್ಟಲೇಬೇಡಿ. ಅಲ್ಲೂ ಕಾನೂನು ಬಿಗಿ, ಇಲ್ಲೂ ಬಿಗಿ.

ಭಾನುವಾರದ ಕ್ರಮ ಹೀಗಿರಲಿ. ಬೆಳಗ್ಗೆ ಎಂಟಕ್ಕೆ ಕೊಲಂಬಿಯಾ ರೋಡ್. ಚಿಕ್ಕ ರಸ್ತೆ, ಎರಡೂ ಕಡೆ ಹೂವು, ಹೂವಿನವರ ಕೂಗು. ನಮ್ಮ ಮಾರ್ಕೆಟ್‌ನಲ್ಲಿ ಬೆಳೆದವರಿಗೆ ಆ ಕೂಗು ಕೇಳಿದರೇ ಖುಷಿ. ಗಿಡ, ಗೆಡ್ಡೆ, ಬೀಜ ಮಾತ್ರ ಕೊಳ್ಳಬೇಡಿ. ಪರವಾನಗಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ಅಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದರೆ ಅವರಿಗೊಂದು ಹೂವಿನ ಕಟ್ಟು ತಗೊಳ್ಳಿ. ಮಧ್ಯಾಹ್ನ ಮುಚ್ಚುವ ಹೊತ್ತಿಗೆ ಬೆಲೆ ಇಳಿಯುತ್ತದೆ.

ಅಲ್ಲಿಂದ ಬ್ರಿಕ್ ಲೇನ್ ನಡೆದೇ ಹೋಗುವಷ್ಟು ಹತ್ತಿರ. ಹಳೇ ಕೋಟು, ಚರ್ಮದ ಜಾಕೆಟ್, ಗ್ರಾಮಫೋನ್ ರೆಕಾರ್ಡು ಇಷ್ಟಪಡುವವರಿಗೆ ಇದೇ ಜಾಗ. ಚಳಿಗಾಲದಲ್ಲಿ ಹೋಗುವವರು ಊರಿನಿಂದಲೇ ದಪ್ಪ ಕೋಟು ಹೊತ್ತುಕೊಂಡು ಹೋಗುವ ಬದಲು ಇಲ್ಲಿ ಒಂದು ಹುಡುಕಬಹುದು. ರಸ್ತೆಯಲ್ಲಿರುವ ಮಸೀದಿಯನ್ನು ನಿಂತು ನೋಡಿ. ಫ್ರಾನ್ಸ್‌ನಿಂದ ಓಡಿಬಂದ ಪ್ರೊಟೆಸ್ಟೆಂಟರು 1743ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ ಅದು. ಆಮೇಲೆ ಯಹೂದಿಗಳ ಸಿನಗಾಗ್ ಆಯಿತು, 1976ರಿಂದ ಬಾಂಗ್ಲಾದೇಶದಿಂದ ಬಂದವರ ಮಸೀದಿ. ಆ ಬೀದಿಯಲ್ಲಿ ಯಾರ್ಯಾರು ಬಂದು ವ್ಯಾಪಾರ ಮಾಡಿದರು ಅನ್ನುವುದು ಆ ಒಂದು ಕಟ್ಟಡದಲ್ಲೇ ಇದೆ.

ಬರೋ ಮಾರ್ಕೆಟ್ ತಿನ್ನುವವರ ಜಾಗ. ಲಂಡನ್ ಬ್ರಿಡ್ಜ್ ಸ್ಟೇಷನ್ ಪಕ್ಕ, ರೈಲು ಸೇತುವೆಯ ಕೆಳಗೆ. ಶನಿವಾರ ಬೇಡ, ಮಂಗಳವಾರದಿಂದ ಗುರುವಾರದೊಳಗೆ ಹೋಗಿ. ಚೀಸ್ ಅಂಗಡಿಗಳಲ್ಲಿ ತುಂಡು ಕತ್ತರಿಸಿ ರುಚಿ ನೋಡೋಕೆ ಕೊಡುತ್ತಾರೆ. ಸಸ್ಯಾಹಾರಿಗಳು ಒಂದು ಮಾತು ಕೇಳಲೇಬೇಕು: ಹಾಲು ಒಡೆಸಲು ಹಾಕಿದ ರೆನೆಟ್ ಕರುವಿನ ಹೊಟ್ಟೆಯದೋ, ಬೇರೆಯದೋ ಅಂತ. ಬೇಸರವಿಲ್ಲದೆ ಹೇಳುತ್ತಾರೆ.

ಹೊಟ್ಟೆ ತುಂಬಿದ ಮೇಲೆ ಥೇಮ್ಸ್ ನದಿಯ ದಡ ಹಿಡಿದು ಪಶ್ಚಿಮಕ್ಕೆ ನಡೆಯಿರಿ. ವಾಟರ್‌ಲೂ ಸೇತುವೆ ಕೆಳಗೆ ಉದ್ದ ಮೇಜುಗಳ ಮೇಲೆ ಹಳೇ ಪುಸ್ತಕ ಹರಡಿರುತ್ತಾರೆ. ಮಳೆ ಬಂದರೂ ಅಲ್ಲಿ ನೆನೆಯುವುದಿಲ್ಲ. ಹಾಗೇ ಮುಂದೆ ಪಾರ್ಲಿಮೆಂಟಿನ ಎದುರು ದಡದಲ್ಲಿ ಸಾಗಿ, ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಡದಲ್ಲಿ ಮುಂದಕ್ಕೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಅಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಕನ್ನಡದವರು ಅಷ್ಟು ದೂರ ಹೋಗಿ ಅದನ್ನು ನೋಡದೆ ಬರಬಾರದು.

ಈಗ ದೊಡ್ಡ ಅಂಗಡಿಗಳ ವಿಷಯ. ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ನಮ್ಮ ಮಾಲ್‌ಗಳಲ್ಲಿ ಸಿಗುವ ಬ್ರ್ಯಾಂಡುಗಳೇ ಜಾಸ್ತಿ. ಸುಮ್ನೆ ಒಂದು ಸುತ್ತು ಹಾಕಿದರೆ ಸಾಕು. ಅದಕ್ಕಿಂತ ಪಕ್ಕದ ಲಿಬರ್ಟಿ ಅನ್ನುವ ಅಂಗಡಿಗೆ ಹೋಗಿ. 1924ರ ಮರದ ಕಟ್ಟಡ. ಅದಕ್ಕೆ ಎರಡು ಹಳೇ ಯುದ್ಧನೌಕೆಗಳ ಮರ ಬಳಸಿದ್ದಾರೆ, ಒಂದರ ಹೆಸರು 'ಹಿಂದೂಸ್ತಾನ್'. ಅವರ ಹೂವಿನ ಚಿತ್ತಾರದ ಹತ್ತಿ ಬಟ್ಟೆ ದುಬಾರಿ, ಆದರೆ ಕೈಯಲ್ಲಿ ಮುಟ್ಟಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಮಕ್ಕಳಿದ್ದರೆ ರೀಜೆಂಟ್ ಸ್ಟ್ರೀಟ್‌ನ ಆಟಿಕೆ ಅಂಗಡಿ ಹ್ಯಾಮ್ಲೀಸ್. ಮನೆಯವರಿಗೆ ಕೊಡೋಕೆ ಪಿಕಡಿಲಿಯ ಫೋರ್ಟ್‌ನಮ್ ಅಂಡ್ ಮೇಸನ್‌ನ ಟೀ ಡಬ್ಬಿ. 1707ರಿಂದ ಇರುವ ಅಂಗಡಿ. ಡಬ್ಬಿ ಒಡೆಯುವುದಿಲ್ಲ, ಹಾಳಾಗುವುದಿಲ್ಲ, ಟೀ ಮುಗಿದ ಮೇಲೂ ಅಡುಗೆಮನೆಯಲ್ಲಿ ಉಳಿಯುತ್ತದೆ.

ತೆರಿಗೆ ವಾಪಸ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅದು ಹಳೇ ಮಾತು. ಪ್ರವಾಸಿಗರು ಕೈಯಲ್ಲಿ ಒಯ್ಯುವ ಸಾಮಾನಿಗೆ ಶೇಕಡಾ 20ರ ವ್ಯಾಟ್ ಮರಳಿಸುವುದನ್ನು ಲಂಡನ್ ಅಂಗಡಿಗಳಲ್ಲಿ 2021ರ ಜನವರಿಯಿಂದ ನಿಲ್ಲಿಸಿದ್ದಾರೆ. ಲಂಡನ್ ಮುಗಿಸಿ ಪ್ಯಾರಿಸ್‌ಗೋ ರೋಮ್‌ಗೋ ಹೋಗುವವರು ದುಬಾರಿ ಬ್ಯಾಗು, ವಾಚುಗಳನ್ನು ಅಲ್ಲೇ ಕೊಳ್ಳಿ. ಅಲ್ಲಿ ಮರುಪಾವತಿ ಇನ್ನೂ ಇದೆ. ಲಂಡನ್‌ನಲ್ಲಿ ಮಕ್ಕಳ ಬಟ್ಟೆ, ಮಕ್ಕಳ ಬೂಟು, ಪುಸ್ತಕಗಳಿಗೆ ವ್ಯಾಟ್ ಇಲ್ಲ. ನಮ್ಮ ಸೂಟ್‌ಕೇಸ್ ತುಂಬಿದ್ದು ಇವುಗಳಿಂದಲೇ.

ಕಾರ್ಡ್ ಉಜ್ಜುವಾಗ ಯಂತ್ರ "ರೂಪಾಯಿಯಲ್ಲೋ ಪೌಂಡ್‌ನಲ್ಲೋ" ಅಂತ ಕೇಳುತ್ತದೆ. ಪೌಂಡ್ ಅನ್ನಿ. ರೂಪಾಯಿ ಅಂದರೆ ವಿನಿಮಯ ದರ ನಮಗೆ ನಷ್ಟವಾಗುವ ಹಾಗೆ ಹಾಕುತ್ತಾರೆ. ಒಂದು ಬಟ್ಟೆ ಚೀಲ ಜೊತೆಗಿರಲಿ, ಅಲ್ಲಿ ಪ್ಲಾಸ್ಟಿಕ್ ಚೀಲಕ್ಕೂ ದುಡ್ಡು. ಬಸ್‌ನಲ್ಲಿ ನಗದು ತಗೊಳ್ಳುವುದಿಲ್ಲ, ಕಾರ್ಡ್ ತಾಗಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. 11ಕ್ಕಿಂತ ಚಿಕ್ಕ ಮಕ್ಕಳಿಗೆ ಬಸ್ಸೂ ಉಚಿತ, ದೊಡ್ಡವರ ಜೊತೆಗಿದ್ದರೆ ಟ್ಯೂಬೂ ಉಚಿತ.

ಅನ್ನ ಸಾರು ನೆನಪಾದರೆ ಈಸ್ಟ್ ಹ್ಯಾಮ್‌ಗೆ ಹೋಗಿ. ಸ್ಟೇಷನ್‌ನಿಂದ ಹೊರಬಂದರೆ ತಮಿಳರ, ಮಲಯಾಳಿಗಳ ಅಂಗಡಿಗಳು, ದೋಸೆ ಹೋಟೆಲ್‌ಗಳು. ಕರಿಬೇವು, ನುಗ್ಗೆಕಾಯಿ ಕೂಡ ಸಿಗುತ್ತದೆ. ಅಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಹೋಗುವ ಅಪ್ಪ ಅಮ್ಮಂದಿರಿಗೆ ಈ ಜಾಗ ಗೊತ್ತಿರಬೇಕು.

ಭಾನುವಾರ ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರು. ರಿಯಾಯಿತಿ ಮಾರಾಟಕ್ಕೆ ಅಂತಲೇ ಹೋಗುವವರು ಡಿಸೆಂಬರ್ 26ರ ಸುಮಾರಿಗೆ ಹೋಗುತ್ತಾರೆ. ಆದರೆ 25ರಂದು ಟ್ಯೂಬ್ ಇಲ್ಲ, ಬಸ್ ಇಲ್ಲ, ಅಂಗಡಿಗಳೂ ಹೆಚ್ಚುಕಡಿಮೆ ಎಲ್ಲ ಮುಚ್ಚಿರುತ್ತವೆ. 24ಕ್ಕೇ ಹಾಲು, ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ.